ಮಂಡಿಯ ಹಿಂದಿನ ಗಂಟು: ಆರಂಭದಲ್ಲೇ ಪತ್ತೆಯಾದ ಒಂದು ಮೂಳೆ ಕ್ಯಾನ್ಸರ್ ಪ್ರಕರಣ

ರೋಗಿ ಉತ್ತರ ಕೊಡಗಿನ ಶನಿವಾರಸಂತೆ ಕಡೆಯ 31 ವರ್ಷದ ಗೃಹಿಣಿ. ಮನೆಯಲ್ಲಿ ಗಂಡ, ಅತ್ತೆ, ಒಂದು ಮಗು. ಜೀವನಾಧಾರಕ್ಕೆ ಸಣ್ಣದೊಂದು ಕಾಫಿ ತೋಟ, ಅದರ ಮರಗಳಿಗೆ ಹಬ್ಬಿಸಿದ ಕರಿಮೆಣಸು, ಗದ್ದೆಯಂಚಿನಲ್ಲಿ ಒಂದಿಷ್ಟು ಶುಂಠಿ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ, ವೈದ್ಯಕೀಯ ಸಂಗತಿಗಳನ್ನು ಬದಲಿಸಿಲ್ಲ. ಇದೇ ತಾಲ್ಲೂಕಿನಲ್ಲಿ ಸಾಮಾನ್ಯ ವೈದ್ಯನಾಗಿರುವ ನನ್ನ ಬಳಿಗೆ ಆಕೆ ಬಂದದ್ದು ಚಿಕಿತ್ಸೆಗಲ್ಲ, ಬೇರೆಡೆ ನಿಗದಿಯಾಗಿದ್ದ ಒಂದು ಸಣ್ಣ ಶಸ್ತ್ರಚಿಕಿತ್ಸೆಗೆ ಮುಂಚೆ ರಕ್ತದೊತ್ತಡ ತೋರಿಸಿಕೊಂಡು ಹೋಗಲು.

ತೊಂದರೆ ಶುರುವಾಗಿ ಆಗಲೇ ಒಂದೂವರೆ ವರ್ಷ ದಾಟಿತ್ತು. ನೋವು ಹೇಳಿಕೊಳ್ಳುವಷ್ಟು ಇರಲಿಲ್ಲ. ಹಣ್ಣು ಕುಯ್ಯುವ ಕಾಲದಲ್ಲಿ ಗಿಡದ ಬುಡದಲ್ಲಿ ಉದುರಿದ ಕಾಫಿ ಹಣ್ಣನ್ನು ಕುಕ್ಕರಗಾಲಿನಲ್ಲಿ ಕೂತು ಹೆಕ್ಕಬೇಕಾಗುತ್ತದೆ. ಹಾಗೆ ಕೂರುವಾಗ ಎಡ ಮಂಡಿ ಪೂರ್ತಿ ಮಡಚುತ್ತಿರಲಿಲ್ಲ. ಮೊದಲ ವರ್ಷ ಆಕೆ ಎಡಗಾಲನ್ನು ಮುಂದಕ್ಕೆ ಚಾಚಿ, ಗೋಣಿಚೀಲದ ಮೇಲೆ ಬಲ ಮಗ್ಗುಲಿಗೆ ಭಾರ ಹಾಕಿ ಕೂತು ಕೆಲಸ ಮುಗಿಸಿದರು. ಮರುವರ್ಷ ಅದೂ ಆಗಲಿಲ್ಲ. "ನೋವೇನೂ ಇಲ್ಲ ಸರ್, ಕೂರೋಕೆ ಮಾತ್ರ ಆಗ್ತಿಲ್ಲ, ಹಿಂದೆ ಏನೋ ಒತ್ತಿದಂಗಾಗುತ್ತೆ" ಎಂದು ಆಕೆ ಹೇಳಿದ್ದು, ಈಗ ಹಿಂತಿರುಗಿ ನೋಡಿದರೆ, ಈ ರೋಗದ ಬಗ್ಗೆ ಪಠ್ಯಪುಸ್ತಕಗಳಲ್ಲಿ ಇರುವ ವಿವರಣೆಗೆ ಬಹಳ ಹತ್ತಿರವಾದ ಮಾತು. ಮನೆಯವರು ಅದನ್ನು ನರ ಹಿಡಿದಿದೆ ಎಂದುಕೊಂಡು ಎಣ್ಣೆ ತಿಕ್ಕಿಸಿದ್ದರು. ಕೈಗೆ ಗಟ್ಟಿ ಗಂಟು ಸಿಕ್ಕಿದ್ದೇ ಆ ತಿಕ್ಕುವಿಕೆಯಲ್ಲಿ. ಕಾರಣ ತಿಳಿಯದ ಗಂಟನ್ನು ಉಜ್ಜಬಾರದು, ಆದರೆ ಈ ಪ್ರಕರಣದಲ್ಲಿ ಗಂಟು ಬೆಳಕಿಗೆ ಬಂದದ್ದು ಆ ಉಜ್ಜಾಟದಿಂದಲೇ ಎಂಬುದನ್ನೂ ದಾಖಲಿಸಬೇಕು.

ಹತ್ತಿರದ ಪಟ್ಟಣದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸಲಾಯಿತು. ತೊಡೆಮೂಳೆಯ ಕೆಳತುದಿಯ ಹಿಂಬದಿಯಲ್ಲಿ, ಮೂಳೆಯಷ್ಟೇ ಬೆಳ್ಳಗೆ ಕಾಣುವ, ಅಗಲ ಬುಡದ ಒಂದು ಉಬ್ಬು ಇತ್ತು. ಇದು ಆಸ್ಟಿಯೋಕಾಂಡ್ರೋಮಾ, ಅಂದರೆ ಕ್ಯಾನ್ಸರ್ ಅಲ್ಲದ ಮೂಳೆಯ ಗಂಟು, ಕಾಫಿ ಮಾರಾಟ ಮುಗಿದ ಮೇಲೆ ಬಂದರೆ ಕೆತ್ತಿ ತೆಗೆಯೋಣ ಎಂದು ಹೇಳಿ ದಿನವನ್ನೂ ಕೊಟ್ಟಿದ್ದರು. ಆ ಅನಿಸಿಕೆಯನ್ನು ನಾನು ದೂರಲಾರೆ, ಏಕೆಂದರೆ ಮೇಲ್ನೋಟಕ್ಕೆ ಆ ಗಂಟೂ ಈಕೆಗೆ ನಿಜವಾಗಿ ಇದ್ದ ಮೂಳೆ ಕ್ಯಾನ್ಸರೂ ಒಂದೇ ತರಹ ಕಾಣುತ್ತವೆ ಮತ್ತು ಆಸ್ಟಿಯೋಕಾಂಡ್ರೋಮಾ ಎಷ್ಟೋ ಪಾಲು ಹೆಚ್ಚು ಸಾಮಾನ್ಯ. ದೂರಬೇಕಾದದ್ದು ಎಂಆರ್‌ಐ ಮಾಡಿಸದೆ ಕತ್ತಿ ಹಿಡಿಯುವ ತೀರ್ಮಾನವನ್ನು. ಎಕ್ಸ್‌ರೇ ವರದಿಯ ಕೆಳತುದಿಯಲ್ಲಿ ರೇಡಿಯಾಲಜಿಸ್ಟ್ ಒಂದು ಸಾಲು ಬರೆದಿದ್ದರು: ಉಬ್ಬಿಗೂ ಮೂಳೆಯ ಮಜ್ಜೆಯ ಭಾಗಕ್ಕೂ ನೇರ ಸಂಪರ್ಕ ಕಾಣುತ್ತಿಲ್ಲ, ಎಂಆರ್‌ಐ ಸೂಕ್ತ. ಆ ಸಾಲನ್ನು ಯಾರೂ ಓದಿದಂತಿರಲಿಲ್ಲ.

ಇಡೀ ಪ್ರಕರಣ ತಿರುಗಿದ್ದು ಆ ಸಾಲಿನ ಮೇಲೆ, ಆದ್ದರಿಂದ ಅದನ್ನು ಬಿಡಿಸಿ ಹೇಳಬೇಕು. ಆಸ್ಟಿಯೋಕಾಂಡ್ರೋಮಾದಲ್ಲಿ ಮೂಳೆಯ ಹೊರ ಪದರವೂ ಒಳಗಿನ ಮಜ್ಜೆಯೂ ಎಡೆಬಿಡದೆ ಉಬ್ಬಿನೊಳಕ್ಕೆ ಮುಂದುವರಿಯುತ್ತವೆ. ಅದು ಮೂಳೆಯೇ ಕವಲೊಡೆದು ಬೆಳೆದದ್ದು. ಈಕೆಯ ಗಂಟು ಹಾಗಿರಲಿಲ್ಲ. ಅದು ಗೋಡೆಗೆ ಮೆತ್ತಿದ ಸಿಮೆಂಟಿನ ಮುದ್ದೆಯಂತೆ ಹೊರ ಪದರದ ಮೇಲೆ ಕೂತಿತ್ತು, ಒಂದು ಬದಿಯಲ್ಲಿ ಗಂಟಿಗೂ ಮೂಳೆಗೂ ನಡುವೆ ಕೂದಲೆಳೆಯಷ್ಟು ತೆಳ್ಳನೆಯ ಕಪ್ಪು ಗೆರೆಯೂ ಇತ್ತು. ಎರಡನೆಯ ಸುಳಿವು ವಯಸ್ಸು. ಆಸ್ಟಿಯೋಕಾಂಡ್ರೋಮಾ ಎಳೆಯ ವಯಸ್ಸಿನಲ್ಲಿ ದೇಹ ಬೆಳೆಯುವಷ್ಟು ಕಾಲ ಬೆಳೆದು, ಮೂಳೆಗಳ ಬೆಳವಣಿಗೆ ನಿಂತಾಗ ತಾನೂ ನಿಲ್ಲುತ್ತದೆ. ಮೂವತ್ತರ ಹರೆಯದಲ್ಲಿ ಹೊಸದಾಗಿ ಕಾಣಿಸಿಕೊಂಡು ಒಂದೂವರೆ ವರ್ಷದಲ್ಲಿ ದೊಡ್ಡದಾದ ಗಂಟಿಗೆ ಆ ಹೆಸರು ಒಪ್ಪುವುದಿಲ್ಲ. ಏಟು ಬಿದ್ದ ಸ್ನಾಯುವಿನೊಳಗೆ ಮೂಳೆ ಕಟ್ಟುವ ಮಯೋಸೈಟಿಸ್ ಆಸಿಫಿಕಾನ್ಸ್ ಎಂಬ ಇನ್ನೊಂದು ನಿರುಪದ್ರವಿ ಸ್ಥಿತಿಯೂ ಹೀಗೆ ಮೋಸ ಮಾಡುವುದುಂಟು. ಆದರೆ ಅದರಲ್ಲಿ ಅಂಚು ಮೊದಲು ಗಟ್ಟಿಯಾಗುತ್ತದೆ, ಇಲ್ಲಿ ಬುಡ ಮತ್ತು ನಡುಭಾಗ ದಟ್ಟವಾಗಿದ್ದು ಅಂಚು ತೆಳುವಾಗಿತ್ತು.

ನಿಗದಿಯಾಗಿದ್ದ ಶಸ್ತ್ರಚಿಕಿತ್ಸೆಯನ್ನು ನಿಲ್ಲಿಸಿ ಮೈಸೂರಿಗೆ ಎಂಆರ್‌ಐಗೆ ಕಳುಹಿಸಲಾಯಿತು. ಬರೀ ಮಂಡಿಯ ಚಿತ್ರ ಸಾಲದು, ಸೊಂಟದಿಂದ ಮಂಡಿಯವರೆಗೆ ಇಡೀ ತೊಡೆಮೂಳೆ ಬರಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟೆ. ಅದೇ ಮೂಳೆಯಲ್ಲಿ ದೂರದಲ್ಲೊಂದು ಎರಡನೆಯ ಗಡ್ಡೆ ಅಡಗಿರಬಹುದು ಮತ್ತು ಅದು ಸಿಕ್ಕರೆ ರೋಗದ ಹಂತವೇ ಬದಲಾಗುತ್ತದೆ. ಗಂಟಿನ ಉದ್ದ ಸುಮಾರು 6.5 ಸೆಂಟಿಮೀಟರ್. ಮಜ್ಜೆಯೊಳಗೆ ನುಗ್ಗಿರಲಿಲ್ಲ. ಮಂಡಿಯ ಹಿಂದಿನ ಕೊಬ್ಬಿನೊಳಕ್ಕೆ ಚಾಚಿಕೊಂಡಿತ್ತು, ಕಾಲಿಗೆ ರಕ್ತ ಒಯ್ಯುವ ದೊಡ್ಡ ರಕ್ತನಾಳವನ್ನು ಪಕ್ಕಕ್ಕೆ ತಳ್ಳಿತ್ತು, ಸುತ್ತಿಕೊಂಡಿರಲಿಲ್ಲ. ಅಲ್ಲಿಂದ ಆಕೆಯನ್ನು ಬೆಂಗಳೂರಿನ ಒಂದು ಕ್ಯಾನ್ಸರ್ ಕೇಂದ್ರಕ್ಕೆ, ಮೂಳೆ ಗಡ್ಡೆಗಳನ್ನೇ ನೋಡುವ ಶಸ್ತ್ರವೈದ್ಯರ ಬಳಿಗೆ ಕಳುಹಿಸಿದ್ದಾಯಿತು. ಬಿಪಿಎಲ್ ಕಾರ್ಡ್ ಇದ್ದುದರಿಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ, ವರ್ಷಕ್ಕೆ ಕುಟುಂಬವೊಂದಕ್ಕೆ 5 ಲಕ್ಷ ರೂಪಾಯಿವರೆಗಿನ ನೆರವಿಗೆ ಅವರು ಅರ್ಹರಾಗಿದ್ದರು. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವನ್ನು ಮೊದಲೇ ಮಾಡಿಸಿಕೊಂಡು ಹೋದದ್ದರಿಂದ ಮತ್ತೊಮ್ಮೆ ಘಟ್ಟ ಇಳಿದು ಹತ್ತುವ ತಾಪತ್ರಯ ತಪ್ಪಿತು.

ಬಯಾಪ್ಸಿಯನ್ನು, ಅಂದರೆ ಗಡ್ಡೆಯ ಚೂರು ತೆಗೆದು ನೋಡುವ ಪರೀಕ್ಷೆಯನ್ನು, ಊರ ಹತ್ತಿರವೇ ಮಾಡಿಸಿಕೊಂಡು ವರದಿ ಹಿಡಿದು ಬೆಂಗಳೂರಿಗೆ ಹೋದರೆ ಸಮಯ ಉಳಿಯುತ್ತದಲ್ಲವೇ ಎಂದು ಆಕೆಯ ಗಂಡ ಕೇಳಿದ್ದರು. ಕೇಳುವುದು ಸಹಜ, ಇತರ ಎಷ್ಟೋ ಕಾಯಿಲೆಗಳಲ್ಲಿ ಅದು ಸರಿಯೂ ಹೌದು. ಮೂಳೆ ಕ್ಯಾನ್ಸರ್‌ನಲ್ಲಿ ಮಾತ್ರ ಅದು ಅಪಾಯ. ಸೂಜಿ ಹಾದುಹೋದ ದಾರಿಯುದ್ದಕ್ಕೂ ಕ್ಯಾನ್ಸರ್ ಕೋಶಗಳು ಉದುರಿರಬಹುದೆಂಬ ಕಾರಣಕ್ಕೆ, ಮುಂದೆ ದೊಡ್ಡ ಶಸ್ತ್ರಚಿಕಿತ್ಸೆ ಮಾಡುವಾಗ ಆ ದಾರಿಯನ್ನೂ ಗಡ್ಡೆಯ ಜೊತೆಗೇ ಕತ್ತರಿಸಿ ತೆಗೆಯಲಾಗುತ್ತದೆ. ಹಾಗಾಗಿ ಸೂಜಿಯನ್ನು ಎಲ್ಲಿ ಚುಚ್ಚಬೇಕೆಂದು ಹೇಳಬೇಕಾದವರು ಮುಂದೆ ಆ ಕಾಲನ್ನು ಕೊಯ್ಯಲಿರುವ ಶಸ್ತ್ರವೈದ್ಯರೇ. ತಪ್ಪು ಜಾಗದಲ್ಲಿ, ಉದಾಹರಣೆಗೆ ರಕ್ತನಾಳದ ಪಕ್ಕದಲ್ಲಿ ಚುಚ್ಚಿಬಿಟ್ಟರೆ ಉಳಿಯಬಹುದಾಗಿದ್ದ ಕಾಲು ಉಳಿಯದೆ ಹೋಗಬಹುದು. ಅಮೆರಿಕದ ಮೂಳೆ ಶಸ್ತ್ರವೈದ್ಯ ಹೆನ್ರಿ ಮ್ಯಾಂಕಿನ್ ಮತ್ತು ಸಂಗಡಿಗರು ಇದನ್ನು 1982ರಲ್ಲಿ ಒಮ್ಮೆ, 1996ರಲ್ಲಿ ಮತ್ತೊಮ್ಮೆ ಲೆಕ್ಕ ಹಾಕಿ ತೋರಿಸಿದರು. ಎರಡನೆಯ ಅಧ್ಯಯನದಲ್ಲಿ 597 ರೋಗಿಗಳಿದ್ದರು. ಚಿಕಿತ್ಸೆ ನೀಡುವ ಕೇಂದ್ರದಲ್ಲಿ ಬಯಾಪ್ಸಿ ಮಾಡುವುದಕ್ಕೆ ಹೋಲಿಸಿದರೆ, ಅಲ್ಲಿಗೆ ಕಳುಹಿಸುವ ಮುಂಚೆಯೇ ಬೇರೆಡೆ ಮಾಡಿದಾಗ ತಪ್ಪುಗಳು ಮತ್ತು ತೊಡಕುಗಳು 2ರಿಂದ 12 ಪಟ್ಟು ಹೆಚ್ಚಾಗಿದ್ದವು. ಈಕೆಗೆ ಮೊದಲು ನಿಗದಿಯಾಗಿದ್ದದ್ದು ಬಯಾಪ್ಸಿ ಕೂಡ ಅಲ್ಲ, ಗಂಟೆಂದು ತಿಳಿದು ನೇರವಾಗಿ ಕೆತ್ತುವ ಕೆಲಸ. ಕೆತ್ತಿದ್ದರೆ ಮಂಡಿಯ ಹಿಂದೆಲ್ಲಾ ಕೋಶಗಳು ಹರಡಿ, ಎರಡನೆಯ ಶಸ್ತ್ರಚಿಕಿತ್ಸೆ ಬಹುಪಾಲು ಮೊದಲಿನದಕ್ಕಿಂತ ಎಷ್ಟೋ ದೊಡ್ಡದಾಗುತ್ತಿತ್ತು.

ಕೇಂದ್ರದಲ್ಲಿ ಎಂಆರ್‌ಐ ಚಿತ್ರಗಳನ್ನು ಮುಂದಿಟ್ಟುಕೊಂಡು, ಸಿಟಿ ಸ್ಕ್ಯಾನ್ ನೋಡುತ್ತಾ ದಪ್ಪ ಸೂಜಿಯಿಂದ ತುಣುಕು ತೆಗೆದರು. ಎದೆಯ ಸಿಟಿ ಸ್ಕ್ಯಾನ್ ಕೂಡ ಆಯಿತು, ಏಕೆಂದರೆ ಮೂಳೆ ಕ್ಯಾನ್ಸರ್ ಹರಡುವುದಾದರೆ ಮೊದಲು ಹೋಗುವ ಜಾಗ ಸಾಮಾನ್ಯವಾಗಿ ಶ್ವಾಸಕೋಶ. ಅದು ಸ್ವಚ್ಛವಾಗಿತ್ತು. ಪೆಥಾಲಜಿ ವರದಿಯಲ್ಲಿ, ಬಹುಮಟ್ಟಿಗೆ ಸಾಧಾರಣವಾಗಿಯೇ ಕಾಣುವ ಮೂಳೆಯ ಎಳೆಗಳು ಒಂದಕ್ಕೊಂದು ಸಮಾನಾಂತರವಾಗಿ ಹಬ್ಬಿದ್ದು, ಅವುಗಳ ನಡುವೆ ನಿಧಾನವಾಗಿ ವಿಭಜಿಸುವ ಕದಿರಿನಾಕಾರದ ಕೋಶಗಳಿವೆ ಎಂದಿತ್ತು. ಇಂಥ ತುಣುಕನ್ನು ನಿರುಪದ್ರವಿ ಎಂದು ಓದಿಬಿಡುವುದು ಸುಲಭ, ಹಾಗಾಗಿ ಈ ಬಗೆಯ ಕ್ಯಾನ್ಸರ್‌ನಲ್ಲಿ ಸಾಮಾನ್ಯವಾಗಿ ಹೆಚ್ಚಿರುವ ಎಂಡಿಎಂ2 ಎಂಬ ವಂಶವಾಹಿಯ ಪ್ರತಿಗಳು ಇಲ್ಲೂ ಹೆಚ್ಚಾಗಿವೆಯೇ ಎಂಬ ಪರೀಕ್ಷೆಯನ್ನೂ ಮಾಡಿಸಿದರು. ಹೆಚ್ಚಾಗಿದ್ದವು. ಅಂತಿಮ ಹೆಸರು ಪ್ಯಾರಾಸ್ಟಿಯಲ್ ಆಸ್ಟಿಯೋಸಾರ್ಕೋಮಾ, ಅಂದರೆ ಮೂಳೆಯ ಹೊರಮೈಯಲ್ಲಿ ಹುಟ್ಟುವ ಒಂದು ಮೂಳೆ ಕ್ಯಾನ್ಸರ್, ಕಡಿಮೆ ದರ್ಜೆಯದು, ಅಂದರೆ ನಿಧಾನ ಸ್ವಭಾವದ್ದು.

ಮೂಳೆಯಲ್ಲೇ ಹುಟ್ಟುವ ಕ್ಯಾನ್ಸರ್‌ಗಳೇ ಅಪರೂಪ. ಎಲ್ಲ ಕ್ಯಾನ್ಸರ್‌ಗಳಲ್ಲಿ ಅವು ನೂರಕ್ಕೆ ಒಂದರಷ್ಟೂ ಇಲ್ಲ. ವಯಸ್ಸಾದವರ ಮೂಳೆಯಲ್ಲಿ ಕಾಣುವ ಕ್ಯಾನ್ಸರ್ ಹೆಚ್ಚಾಗಿ ಸ್ತನ, ಪ್ರಾಸ್ಟೇಟ್, ಶ್ವಾಸಕೋಶಗಳಿಂದ ಬಂದು ನೆಲೆಸಿದ್ದಾಗಿರುತ್ತದೆ. ಮೂಳೆಯ ಸ್ವಂತ ಕ್ಯಾನ್ಸರ್‌ಗಳ ಪೈಕಿ ಆಸ್ಟಿಯೋಸಾರ್ಕೋಮಾ ಪ್ರಮುಖವಾದದ್ದು, ಅದರಲ್ಲೂ ನೂರರಲ್ಲಿ ನಾಲ್ಕೈದು ಮಾತ್ರ ಈ ಪ್ಯಾರಾಸ್ಟಿಯಲ್ ಬಗೆ. ಇದು ಇಪ್ಪತ್ತರಿಂದ ನಲವತ್ತರೊಳಗಿನವರಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ತುಸು ಹೆಚ್ಚಾಗಿ, ಬಹುಪಾಲು ತೊಡೆಮೂಳೆಯ ಕೆಳತುದಿಯ ಹಿಂಬದಿಯಲ್ಲೇ ಬರುತ್ತದೆ. ಆ ಜಾಗದಲ್ಲಿ ನೋವಿಲ್ಲದೆ ಬೆಳೆಯುವುದರಿಂದ ಎಷ್ಟೋ ಸಲ ಮಂಡಿ ಮಡಚಲಾಗದಿರುವುದೇ ಮೊದಲ ಲಕ್ಷಣ.

ವರದಿ ಕೈಗೆ ಬಂದ ದಿನ ಗಂಡ ಫೋನ್ ಮಾಡಿ ಕೇಳಿದ ಮೊದಲ ಪ್ರಶ್ನೆ, "ಡಾಕ್ಟ್ರೇ, ಎಷ್ಟನೇ ಸ್ಟೇಜು?" ಅದಕ್ಕೊಂದು ಕಾರಣವಿತ್ತು. ಅವರ ಕೈಯಲ್ಲಿ ಎರಡು ಕಾಗದಗಳಿದ್ದವು. ಶಸ್ತ್ರವೈದ್ಯರ ಟಿಪ್ಪಣಿಯಲ್ಲಿ 1ಬಿ ಎಂದಿತ್ತು, ಕ್ಯಾನ್ಸರ್ ತಜ್ಞರ ಸಾರಾಂಶದಲ್ಲಿ 1ಎ ಎಂದಿತ್ತು. ಎರಡರ ನಡುವೆ ಒಂದು ವಾರದ ಅಂತರ. ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿಯದೆ, ವಾರದೊಳಗೆ ರೋಗ ಎ ಇಂದ ಬಿಗೆ ಏರಿದೆ ಎಂದು ಮನೆಯವರು ಗಾಬರಿಯಾಗಿದ್ದರು. ನಿಜದಲ್ಲಿ ಎರಡೂ ಸರಿ, ಎರಡೂ ಒಂದೇ ಗಡ್ಡೆಯ ವಿವರಣೆ. ಮೂಳೆ ಶಸ್ತ್ರವೈದ್ಯರು ಈಗಲೂ ಬಳಸುವುದು ವಿಲಿಯಂ ಎನ್ನೆಕಿಂಗ್ 1980ರಲ್ಲಿ ರೂಪಿಸಿದ ಪದ್ಧತಿ. ಅದರಲ್ಲಿ 1 ಅಂದರೆ ಕಡಿಮೆ ದರ್ಜೆ, 2 ಅಂದರೆ ಹೆಚ್ಚು ದರ್ಜೆ, 3 ಅಂದರೆ ಬೇರೆಡೆಗೆ ಹರಡಿರುವುದು. ಎ ಮತ್ತು ಬಿ ಅಕ್ಷರಗಳು ಗಡ್ಡೆ ತಾನು ಹುಟ್ಟಿದ ಅಂಗಳದೊಳಗೇ ಇದೆಯೇ, ಹೊರಗೆ ಕಾಲಿಟ್ಟಿದೆಯೇ ಎಂದು ಹೇಳುತ್ತವೆ. ಮಂಡಿಯ ಹಿಂದಿನ ಕೊಬ್ಬಿನೊಳಕ್ಕೆ ಚಾಚಿದ್ದರಿಂದ ಅಲ್ಲಿ ಬಿ ಆಯಿತು. ಕ್ಯಾನ್ಸರ್ ತಜ್ಞರು ಬಳಸುವ ಎಜೆಸಿಸಿ (ಅಮೆರಿಕದ ಕ್ಯಾನ್ಸರ್ ಜಂಟಿ ಸಮಿತಿ) ಪದ್ಧತಿಯ ಎಂಟನೆಯ ಆವೃತ್ತಿಯಲ್ಲಿ ಒಂದನೆಯ ಹಂತದ ಎ, ಬಿಗಳು ಮುಖ್ಯವಾಗಿ ಗಾತ್ರವನ್ನು ಹೇಳುತ್ತವೆ, ಗಡಿ 8 ಸೆಂಟಿಮೀಟರ್. 6.5 ಆದ್ದರಿಂದ ಅಲ್ಲಿ ಎ ಆಯಿತು. ಇಂಥ ಎರಡು ಕಾಗದಗಳನ್ನು ಕೊಡುವಾಗ ಯಾರಾದರೂ ಎರಡು ನಿಮಿಷ ಕೂತು ಇಷ್ಟನ್ನು ಹೇಳಿದ್ದರೆ ಆ ಮನೆಯಲ್ಲಿ ಒಂದು ರಾತ್ರಿಯ ನಿದ್ದೆ ಕೆಡುತ್ತಿರಲಿಲ್ಲ.

ಹಂತಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ಎತ್ತಿದವರು ಅತ್ತೆ. ಕೀಮೋ ಬೇಕಿಲ್ಲ, ಶಸ್ತ್ರಚಿಕಿತ್ಸೆಯೊಂದೇ ಸಾಕು ಎಂದು ಬೆಂಗಳೂರಿನಲ್ಲಿ ಹೇಳಿದ್ದರು. ಅದನ್ನು ಕೇಳಿ ನೆಮ್ಮದಿಯಾಗುವುದರ ಬದಲು ಅವರಿಗೆ ಇನ್ನಷ್ಟು ಭಯವಾಗಿತ್ತು. "ಕ್ಯಾನ್ಸರ್ ಅಂತಾರೆ, ಕೀಮೋ ಬೇಡ ಅಂತಾರೆ. ಸೊಸೇನ ಕೈಬಿಟ್ಟುಬಿಟ್ರಾ ಸ್ವಾಮಿ?" ಎಂದರು. ಅವರ ಮುಂದಿದ್ದ ಉದಾಹರಣೆ ಪಕ್ಕದ ಊರಿನ 16 ವರ್ಷದ ಒಬ್ಬ ಹುಡುಗ. ಅವನಿಗೂ ಮಂಡಿಯ ಹತ್ತಿರವೇ, ಕೆಳಗಾಲಿನ ಮೂಳೆಯ ಮೇಲ್ತುದಿಯಲ್ಲಿ, ಆಸ್ಟಿಯೋಸಾರ್ಕೋಮಾ. ಅವನಿಗೂ ಆರಂಭದಲ್ಲೇ ಗೊತ್ತಾಯಿತು, ಎಲ್ಲಿಗೂ ಹರಡಿಲ್ಲ ಎಂದೇ ಹೇಳಿದ್ದರು. ಆದರೂ ತಿಂಗಳುಗಟ್ಟಲೆ ಕೀಮೋ, ತಲೆಕೂದಲು ಉದುರಿದ್ದು, ವಾಂತಿ, ಒಂದು ವರ್ಷದ ಓದು ಹೋದದ್ದು, ಎಲ್ಲವನ್ನೂ ಊರು ಕಂಡಿತ್ತು.

ಇಬ್ಬರ ನಡುವಿನ ವ್ಯತ್ಯಾಸ ದರ್ಜೆಯದು. ರೋಗ ಎಷ್ಟು ದೂರ ಹೋಗಿದೆ ಎಂಬುದನ್ನು ಸ್ಕ್ಯಾನ್‌ಗಳು ಹೇಳುತ್ತವೆ. ಕೋಶಗಳ ಸ್ವಭಾವ ಎಂಥದು, ಅವು ಎಷ್ಟು ಬೇಗ ಹೊರಡಬಲ್ಲವು ಎಂಬುದನ್ನು ಪೆಥಾಲಜಿಸ್ಟ್ ಮಾತ್ರ ಹೇಳಬಲ್ಲರು. ಹುಡುಗನದು ಹೆಚ್ಚು ದರ್ಜೆಯದು, ಗಾತ್ರ 8 ಸೆಂಟಿಮೀಟರ್ ದಾಟಿತ್ತು, ಆದ್ದರಿಂದ ಹರಡದಿದ್ದರೂ ಹಂತ 2ಬಿ. ಅಂಥ ಗಡ್ಡೆಯಲ್ಲಿ ಸ್ಕ್ಯಾನ್ ಸ್ವಚ್ಛವಾಗಿದ್ದರೂ, ಕಣ್ಣಿಗೆ ಕಾಣದಷ್ಟು ಸಣ್ಣ ಬೀಜಗಳು ಬಹಳಷ್ಟು ಮಂದಿಯಲ್ಲಿ ಆಗಲೇ ಶ್ವಾಸಕೋಶ ಸೇರಿರುತ್ತವೆ. ಇದು ಊಹೆಯಲ್ಲ. 1970ರ ದಶಕಕ್ಕೆ ಮುಂಚೆ, ಕಾಲನ್ನೇ ಕತ್ತರಿಸಿ ತೆಗೆದ ಮೇಲೂ ನೂರರಲ್ಲಿ ಸುಮಾರು ಎಂಬತ್ತು ಮಂದಿಗೆ ಮುಂದೆ ಶ್ವಾಸಕೋಶದಲ್ಲಿ ರೋಗ ಕಾಣಿಸಿಕೊಳ್ಳುತ್ತಿತ್ತು. ಶಸ್ತ್ರಚಿಕಿತ್ಸೆಯೊಂದನ್ನೇ ಪಡೆದವರನ್ನೂ ಜೊತೆಗೆ ಕೀಮೋ ಪಡೆದವರನ್ನೂ ಹೋಲಿಸಿ 1986ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ, ಎರಡು ವರ್ಷದ ಬಳಿಕ ರೋಗ ಮರುಕಳಿಸದೆ ಉಳಿದವರು ಮೊದಲ ಗುಂಪಿನಲ್ಲಿ ಶೇ. 17, ಎರಡನೆಯದರಲ್ಲಿ ಶೇ. 66. ಹರಡದ ಹೆಚ್ಚು ದರ್ಜೆಯ ಆಸ್ಟಿಯೋಸಾರ್ಕೋಮಾದಲ್ಲಿ ಇಂದು ಐದು ವರ್ಷ ಬದುಕುವವರು ನೂರಕ್ಕೆ 60ರಿಂದ 70 ಎನ್ನುವುದಕ್ಕೆ ಕೀಮೋ ಕಾರಣ. ಹುಡುಗನಿಗೆ ಡಾಕ್ಸೊರುಬಿಸಿನ್, ಸಿಸ್ಪ್ಲಾಟಿನ್ ಮೊದಲಾದ ಔಷಧಗಳನ್ನು ಶಸ್ತ್ರಚಿಕಿತ್ಸೆಗೆ ಮುಂಚೆಯೂ ಆಮೇಲೂ ಕೊಟ್ಟದ್ದು ಈ ಲೆಕ್ಕದ ಮೇಲೆ.

ಕಡಿಮೆ ದರ್ಜೆಯ ಪ್ಯಾರಾಸ್ಟಿಯಲ್ ಗಡ್ಡೆ ಹಾಗೆ ಬೀಜ ಎಸೆಯುವುದು ಬಹಳ ಕಡಿಮೆ. ಕೀಮೋ ಔಷಧಗಳು ಮುಖ್ಯವಾಗಿ ಬೇಗ ಬೇಗ ವಿಭಜಿಸುವ ಕೋಶಗಳನ್ನು ಕೊಲ್ಲುವಂಥವು. ಇಷ್ಟು ನಿಧಾನದ ಕೋಶಗಳ ಮೇಲೆ ಅವುಗಳ ಪರಿಣಾಮ ಅತ್ಯಲ್ಪ, ಹೃದಯ, ಕಿವಿ, ಮೂತ್ರಪಿಂಡಗಳ ಮೇಲಿನ ದುಷ್ಪರಿಣಾಮ ಮಾತ್ರ ಪೂರ್ತಿ. ಅಂಚಿನಲ್ಲಿ ಕ್ಯಾನ್ಸರ್ ಕೋಶ ಉಳಿಯದಂತೆ ಸುತ್ತಲಿನ ಆರೋಗ್ಯವಂತ ಭಾಗದೊಂದಿಗೆ ಗಡ್ಡೆಯನ್ನು ತೆಗೆದರೆ ಐದು ವರ್ಷದ ಬದುಕುಳಿಯುವಿಕೆ ನೂರಕ್ಕೆ ಸುಮಾರು 90. ಅತ್ತೆಗೆ ನಾನು ಈ ಅಂಕಿಗಳನ್ನು ಹೇಳಲಿಲ್ಲ. ಕೈಬಿಟ್ಟಿಲ್ಲ ಅಮ್ಮಾ, ಆ ಔಷಧಿ ಈ ಜಾತಿಗೆ ನಾಟುವುದಿಲ್ಲ, ಕತ್ತಿಗೆ ಮಾತ್ರ ಬಗ್ಗುತ್ತದೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಆ ಹುಡುಗನಿಗೆ ಕೊಟ್ಟದ್ದೂ ಸರಿಯೇ ಎಂದು ಕೇಳಿದರು. ಹೌದು ಎಂದೆ.

ಉಳಿದ ಪ್ರಶ್ನೆಗಳಿಗೆ ಉತ್ತರ ಚಿಕ್ಕದು. ಹಿಂದಿನ ಮಳೆಗಾಲದಲ್ಲಿ ತೋಟದಲ್ಲಿ ಜಾರಿ ಬಿದ್ದದ್ದರಿಂದ ಬಂತೇ? ಇಲ್ಲ, ಏಟು ಕ್ಯಾನ್ಸರ್ ತರುವುದಿಲ್ಲ, ಇರುವ ಗಂಟಿನ ಕಡೆಗೆ ಗಮನ ಸೆಳೆಯುತ್ತದೆ ಅಷ್ಟೆ. ಮಗುವಿಗೆ ಬರುತ್ತದೆಯೇ? ಕೆಲವು ಅಪರೂಪದ ಆನುವಂಶಿಕ ಕಾಯಿಲೆಗಳಿರುವ ಮನೆತನಗಳನ್ನು ಬಿಟ್ಟರೆ ಆಸ್ಟಿಯೋಸಾರ್ಕೋಮಾ ವಂಶದಲ್ಲಿ ಹರಿಯುವುದಿಲ್ಲ, ಈ ಮನೆತನದಲ್ಲಿ ಅಂಥದ್ದೇನೂ ಇರಲಿಲ್ಲ.

ಮಜ್ಜೆ ಸ್ವಚ್ಛವಾಗಿದ್ದುದರಿಂದ ಮಂಡಿಯ ಕೀಲನ್ನು ಉಳಿಸಲು ಸಾಧ್ಯವಾಯಿತು. ತೊಡೆಮೂಳೆಯ ಹಿಂಬದಿಯ ಅರ್ಧ ಗೋಡೆಯನ್ನು ಗಡ್ಡೆ ಮತ್ತು ಸೂಜಿಯ ದಾರಿಯ ಸಮೇತ ಒಂದೇ ತುಂಡಾಗಿ ತೆಗೆದು, ಖಾಲಿಯಾದ ಜಾಗಕ್ಕೆ ಆಕೆಯದೇ ಇನ್ನೊಂದು ಕಾಲಿನ ಫಿಬುಲಾ, ಅಂದರೆ ಕೆಳಗಾಲಿನ ತೆಳ್ಳನೆಯ ಮೂಳೆಯ ತುಂಡನ್ನಿಟ್ಟು ಪ್ಲೇಟು, ಸ್ಕ್ರೂಗಳಿಂದ ಬಿಗಿದರು. ಗಡ್ಡೆ ಮಜ್ಜೆಯೊಳಗೆ ದೊಡ್ಡದಾಗಿ ನುಗ್ಗಿದ್ದರೆ ಮೂಳೆಯ ಇಡೀ ಕೆಳತುದಿಯನ್ನು ತೆಗೆದು ಲೋಹದ ಕೃತಕ ಕೀಲು ಹಾಕಬೇಕಾಗುತ್ತಿತ್ತು. ಆರಂಭದಲ್ಲೇ ಗೊತ್ತಾದದ್ದರಿಂದ ಈಕೆಗೆ ಸಿಕ್ಕ ದೊಡ್ಡ ಲಾಭ ಇದು ಎಂದು ನನ್ನ ಅನಿಸಿಕೆ.

ಶಸ್ತ್ರಚಿಕಿತ್ಸೆ ಮುಗಿದ ಸಂಜೆ ಮನೆಯವರು ಎಲ್ಲಾ ಆಯಿತು ಎಂದು ನೆಂಟರಿಗೆಲ್ಲ ಫೋನ್ ಮಾಡಿದರು, ಆದರೆ ರೋಗನಿರ್ಣಯ ಆಗ ಮುಗಿದಿರಲಿಲ್ಲ. ಬಯಾಪ್ಸಿಯ ಸೂಜಿಗೆ ಸಿಕ್ಕದ್ದು ಗಡ್ಡೆಯ ಒಂದು ಚೂರು ಮಾತ್ರ. ಪ್ಯಾರಾಸ್ಟಿಯಲ್ ಗಡ್ಡೆಗಳಲ್ಲಿ ಕೆಲವು, ಒಳಗೊಳಗೇ ಒಂದು ಭಾಗದಲ್ಲಿ ಸ್ವಭಾವ ಬದಲಿಸಿ ಹೆಚ್ಚು ದರ್ಜೆಯದಾಗಿರುತ್ತವೆ. ಎಂಆರ್‌ಐಯಲ್ಲಿ ಅದರ ಸುಳಿವು ಸಿಗಬಹುದು, ಖಚಿತವಾಗುವುದು ತೆಗೆದ ಗಡ್ಡೆಯನ್ನು ಪೂರ್ತಿ ಹಂತಹಂತವಾಗಿ ಕತ್ತರಿಸಿ ನೋಡಿದಾಗಲೇ. ಮೂಳೆಯಂಥ ಗಡ್ಡೆಯನ್ನು ಮೊದಲು ಆಮ್ಲದಲ್ಲಿ ನೆನೆಸಿ ಮೆತ್ತಗಾಗಿಸಬೇಕಾದ್ದರಿಂದ ಅದಕ್ಕೆ ಸಮಯ ಹಿಡಿಯುತ್ತದೆ. ಹಾಗೆ ಬದಲಾದ ಭಾಗ ಸಿಕ್ಕಿದ್ದರೆ ಹಂತ ಒಂದರಿಂದ ಎರಡಕ್ಕೆ ಹೋಗುತ್ತಿತ್ತು, ಬೇಡವೆಂದಿದ್ದ ಕೀಮೋದ ಮಾತು ಮತ್ತೆ ಬರುತ್ತಿತ್ತು. ಈ ಸಾಧ್ಯತೆಯನ್ನು ಶಸ್ತ್ರವೈದ್ಯರು ಮುಂಚೆಯೇ ಹೇಳಿದ್ದು ಒಳ್ಳೆಯದಾಯಿತು. ವರದಿ ಬಂದಾಗ ಗಡ್ಡೆ ಆದ್ಯಂತ ಕಡಿಮೆ ದರ್ಜೆಯದೇ ಆಗಿತ್ತು, ಅಂಚುಗಳೆಲ್ಲ ಸ್ವಚ್ಛವಾಗಿದ್ದವು.

ಊರಿಗೆ ಮರಳಿದ ಮೇಲಿನ ತೊಂದರೆ ಬೇರೆಯದು. ಕಸಿ ಮಾಡಿದ ಮೂಳೆ ಕೂಡಿಕೊಳ್ಳುವವರೆಗೆ ಕಾಲಿನ ಮೇಲೆ ಪೂರ್ತಿ ಭಾರ ಹಾಕುವಂತಿರಲಿಲ್ಲ. ಆಸ್ಪತ್ರೆಯ ನುಣುಪು ನೆಲದ ಮೇಲೆ ಕಲಿತ ಊರುಗೋಲಿನ ನಡಿಗೆ, ದಿಬ್ಬದ ಮೇಲಿನ ಮನೆ, ಪಾಚಿ ಕಟ್ಟಿದ ಮೆಟ್ಟಿಲು, ಕಾಫಿ ಒಣಗಿಸುವ ಕಣದ ಅಂಚು ಇವುಗಳಿಗೆ ಒಗ್ಗಲಿಲ್ಲ. ಗಂಡ ಊರುಗೋಲುಗಳ ತುದಿಗೆ ಹೊಸ ರಬ್ಬರು ಹಾಕಿಸಿ, ಮೆಟ್ಟಿಲಿನ ಪಕ್ಕ ಸಿಲ್ವರ್ ಓಕ್ ಗಳುವಿನ ಕೈಹಿಡಿ ಕಟ್ಟಿದರು. ಬಚ್ಚಲುಮನೆಯಲ್ಲಿ ಕೂರುವ ಕಮೋಡ್ ಹಾಕಿಸಿದರು. ಮಂಡಿ ಮಡಚುವ ವ್ಯಾಯಾಮವನ್ನು ಕುಶಾಲನಗರದ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಂತೆ ಮನೆಯಲ್ಲೇ ಮುಂದುವರಿಸಿದರು.

ಈಗ ಮಂಡಿ ಲಂಬಕೋನವನ್ನು ದಾಟಿ ಮಡಚುತ್ತದೆ, ಕುಕ್ಕರಗಾಲಿನಲ್ಲಿ ಕೂರುವಷ್ಟು ಅಲ್ಲ, ಬಹುಶಃ ಅಷ್ಟು ಮರಳುವುದೂ ಇಲ್ಲ. ಮೊದಲ ಕೆಲವು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಕಾಲಿನ ಮತ್ತು ಎದೆಯ ತಪಾಸಣೆ ಆಗಬೇಕು. ನಿಧಾನದ ಗಡ್ಡೆ ಮರುಕಳಿಸುವುದೂ ನಿಧಾನವಾಗಿಯೇ ಆದ್ದರಿಂದ ಐದು ವರ್ಷಕ್ಕೆ ಇದನ್ನು ನಿಲ್ಲಿಸುವಂತಿಲ್ಲ, ಹತ್ತು ವರ್ಷದವರೆಗೆ ಹೋಗಬೇಕೆಂದು ಅವರಿಗೆ ಹೇಳಿದೆ. ತಪಾಸಣೆಯ ಒಂದು ಸರದಿ ಪ್ರತಿ ವರ್ಷ ಜುಲೈ ತಿಂಗಳಿಗೆ ಬೀಳುತ್ತಿತ್ತು. ಆ ತಿಂಗಳಲ್ಲಿ ನಮ್ಮ ರಸ್ತೆಗಳನ್ನು ನಂಬಿ ದಿನ ಗೊತ್ತುಮಾಡುವುದು ಕಷ್ಟ, ಹಾಗಾಗಿ ಬೆಂಗಳೂರಿನವರಿಗೆ ಕೇಳಿಕೊಂಡು ಅದನ್ನು ಮೇ ಕೊನೆಗೆ, ಮಳೆ ಹಿಡಿಯುವ ಮುಂಚೆ, ತರಿಸಿಕೊಂಡಿದ್ದಾರೆ.